ಘಟ್ಟದ ಹಾದಿಗೆ ಸಣ್ಣ ಕಾರು: ಯಾವ ವೇರಿಯೆಂಟ್ ಸೂಕ್ತ?

ಸಕಲೇಶಪುರ: ಹೆತ್ತೂರು, ವಣಗೂರು ಮಾರ್ಗವಾಗಿ ಬಿಸಿಲೆ ತಲುಪಿ, ಅಲ್ಲಿಂದ ದಟ್ಟ ಕಾಡಿನ ನಡುವೆ ಕುಳ್ಕುಂದದತ್ತ ಇಳಿಯುವ ಕಿರಿದಾದ ರಸ್ತೆ ಸಣ್ಣ ಕಾರುಗಳಿಗೆ ಕಠಿಣ ಪರೀಕ್ಷೆಯನ್ನೇ ಒಡ್ಡುತ್ತದೆ. ಮಳೆಗಾಲದ ಮಂಜು, ಒದ್ದೆ ತರಗೆಲೆ, ಕಡಿದಾದ ತಿರುವುಗಳು ಇಲ್ಲಿ ಸಾಮಾನ್ಯ. ಇಂತಹ ಊರುಗಳ ಕುಟುಂಬಗಳು ಹಲವು ವರ್ಷಗಳ ಉಳಿತಾಯ ಕೂಡಿಸಿ ಕಾರು ಕೊಳ್ಳುವಾಗ, ಯಾವ ಕಂಪನಿಯ ಕಾರು ಎಂಬ ಪ್ರಶ್ನೆಯಷ್ಟೇ ಅದರ ಯಾವ ವೇರಿಯೆಂಟ್ ಎಂಬುದೂ ಮುಖ್ಯವಾಗುತ್ತದೆ.

ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ, 1200 ಸಿಸಿವರೆಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18ಕ್ಕೆ ಇಳಿದಿದೆ. ಉಳಿದ ಹಣದಲ್ಲಿ ಮೇಲಿನ ವೇರಿಯೆಂಟ್ ಕೊಳ್ಳುವ ಆಸೆ ಸಹಜ. ಆದರೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯನ್ನು ಕಾರಿನ ಬೆಲೆಯ ಆಧಾರದ ಮೇಲೆ ವಿಧಿಸುವುದರಿಂದ, ಮೇಲಿನ ವೇರಿಯೆಂಟ್‌ಗೆ ಹೋದಂತೆ ತೆರಿಗೆಯ ಹೊರೆಯೂ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಿಂದಿಗೂ ಇಂದಿಗೂ ವ್ಯತ್ಯಾಸ

ಹಿಂದೆ ಎಬಿಎಸ್ ಬ್ರೇಕ್ ಹಾಗೂ ಏರ್‌ಬ್ಯಾಗ್‌ಗಾಗಿ ದುಬಾರಿ ವೇರಿಯೆಂಟ್ ಕೊಳ್ಳುವುದು ಅನಿವಾರ್ಯವಾಗಿತ್ತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. 2024ರ ಮೇ ತಿಂಗಳಲ್ಲಿ ಬಿಡುಗಡೆಯಾದ ನಾಲ್ಕನೆಯ ತಲೆಮಾರಿನ ಮಾರುತಿ ಸುಜುಕಿ ಸ್ವಿಫ್ಟ್ ಒಂದು ಹೆಜ್ಜೆ ಮುಂದೆ ಹೋಗಿ, ಆರಂಭಿಕ ಎಲ್‌ಎಕ್ಸ್‌ಐನಿಂದಲೇ ಆರು ಏರ್‌ಬ್ಯಾಗ್, ಇಎಸ್‌ಪಿ ಮತ್ತು ಹಿಲ್ ಹೋಲ್ಡ್ ಸೌಲಭ್ಯಗಳನ್ನು ಒದಗಿಸಿತು.

ತಿರುವಿನಲ್ಲಿ ಕಾರು ಜಾರತೊಡಗಿದರೆ ಇಎಸ್‌ಪಿ ಅಗತ್ಯವಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಎಂಜಿನ್‌ನ ಶಕ್ತಿಯನ್ನು ತಗ್ಗಿಸುತ್ತದೆ. ಏರಿನಲ್ಲಿ ನಿಂತ ಕಾರು ಮತ್ತೆ ಹೊರಡುವಾಗ ಹಿಂದಕ್ಕೆ ಜಾರದಂತೆ ಕ್ಷಣಕಾಲ ಹಿಡಿದಿಡುವುದು ಹಿಲ್ ಹೋಲ್ಡ್‌ನ ಕೆಲಸ. ಘಟ್ಟದ ಊರಿನವರು ಮೊದಲು ನೋಡಬೇಕಾದದ್ದು ಇವುಗಳನ್ನು. ಕಾರಣವಿಷ್ಟೇ: ಇವನ್ನು ನಂತರ ಗ್ಯಾರೇಜ್‌ನಲ್ಲಿ ಅಳವಡಿಸಲು ಸಾಧ್ಯವಿಲ್ಲ. ಮ್ಯೂಸಿಕ್ ಸಿಸ್ಟಂ, ಸೀಟ್ ಕವರ್, ಹಿಂಬದಿಯ ಕ್ಯಾಮೆರಾಗಳನ್ನು ಯಾವಾಗ ಬೇಕಾದರೂ ಹಾಕಿಸಬಹುದು. ಆದರೆ ಕಂಪನಿಯ ವೈರಿಂಗ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಡಕಾಗಬಹುದು.

ಮಳೆಗೆ ಬೇಕಾದದ್ದು

ಹ್ಯಾಚ್‌ಬ್ಯಾಕ್‌ನ ಹಿಂಬದಿಯ ಗಾಜು ಬಹುತೇಕ ನೇರವಾಗಿರುವುದರಿಂದ ಚಕ್ರಗಳು ಎರಚುವ ಕೆಸರುನೀರು ಬೇಗ ಅದಕ್ಕೆ ಅಂಟುತ್ತದೆ. ಹೀಗಾಗಿ ಮಲೆನಾಡಿನಲ್ಲಿ ಹಿಂಬದಿಯ ವೈಪರ್ ಹಾಗೂ ಗಾಜಿನ ಮಂಜು ಕರಗಿಸುವ ಡಿಫಾಗರ್ ಅಲಂಕಾರದ ವಸ್ತುಗಳಲ್ಲ. ಆದರೆ ಕಂಪನಿಗಳು ಸಾಮಾನ್ಯವಾಗಿ ಇವೆರಡನ್ನೂ ಮೇಲಿನ ವೇರಿಯೆಂಟ್‌ಗಳಿಗೆ ಮೀಸಲಿಡುತ್ತವೆ. ಹೆಚ್ಚಿನ ಹಣ ತೆರಲು ಟಚ್‌ಸ್ಕ್ರೀನ್‌ಗಿಂತ ಇವು ಬಲವಾದ ಕಾರಣಗಳು.

ಅಲಾಯ್ ಚಕ್ರಗಳ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಸ್ವಿಫ್ಟ್‌ನ ಕೆಳಗಿನ ವೇರಿಯೆಂಟ್‌ಗಳಿಗೆ 14 ಇಂಚಿನ ಉಕ್ಕಿನ ಚಕ್ರ ಮತ್ತು 165/80 ಅಳತೆಯ ಟೈರ್, ಮೇಲಿನವಕ್ಕೆ 15 ಇಂಚಿನ ಅಲಾಯ್ ಮತ್ತು 185/65 ಟೈರ್ ಇವೆ. ಎರಡರ ಒಟ್ಟು ವ್ಯಾಸ ಹೆಚ್ಚುಕಡಿಮೆ ಸಮಾನ. ಆದರೆ ಟೈರ್‌ನ ಪಕ್ಕದ ಗೋಡೆಯ ಎತ್ತರ ಮೊದಲನೆಯದರಲ್ಲಿ 132 ಮಿ.ಮೀ., ಎರಡನೆಯದರಲ್ಲಿ ಸುಮಾರು 120 ಮಿ.ಮೀ. ಹೊಂಡಕ್ಕೆ ಬಿದ್ದಾಗ ಎತ್ತರದ ಟೈರ್ ಹೆಚ್ಚು ಪೆಟ್ಟು ತಾಳುತ್ತದೆ. ಬಾಗಿದ ಉಕ್ಕಿನ ಚಕ್ರವನ್ನು ಬಡಿದು ಸರಿಪಡಿಸುವುದು ಸುಲಭ. ಅಲಾಯ್ ಸೀಳಿದರೆ ಬದಲಿಸಬೇಕಾಗುತ್ತದೆ. ಅಗಲವಾದ ಟೈರ್ ಡಾಂಬರು ರಸ್ತೆಯಲ್ಲಿ ಉತ್ತಮ ಹಿಡಿತ ಕೊಡುವುದು ನಿಜವಾದರೂ, ತೋಟದ ಕಚ್ಚಾ ಹಾದಿಗೆ ಅಗ್ಗದ ವೇರಿಯೆಂಟ್‌ನ ಚಕ್ರವೇ ಮೇಲು.

ಗೇರ್ ಮತ್ತು ಇಂಧನ

ಸಣ್ಣ ಕಾರುಗಳ ಆಟೊಮ್ಯಾಟಿಕ್ ಬಹುಪಾಲು ಎಎಂಟಿ ಬಗೆಯದು. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಪರಿಚಯವಾದ ಈ ವ್ಯವಸ್ಥೆಯಲ್ಲಿ ಇರುವುದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಏರಿನಲ್ಲಿ ಗೇರ್ ಬದಲಾಗುವಾಗ ಕಾರು ಕ್ಷಣಕಾಲ ಜಗ್ಗಿದಂತಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾಯದಂತೆ ಮ್ಯಾನ್ಯುಯಲ್ ಮೋಡ್‌ಗೆ ತಂದು ಕೆಳಗಿನ ಗೇರ್‌ನಲ್ಲಿ ಇಳಿಯುವುದು ಕ್ಷೇಮ.

ಸಿಎನ್‌ಜಿ ಆಯ್ಕೆ ಇಂಧನದ ಖರ್ಚು ಇಳಿಸಿದರೂ ಶಕ್ತಿ ಕಡಿಮೆ. ಪೆಟ್ರೋಲ್‌ನಲ್ಲಿ ಸುಮಾರು 82 ಪಿಎಸ್ ಶಕ್ತಿ ನೀಡುವ ಸ್ವಿಫ್ಟ್ ಸಿಎನ್‌ಜಿಯಲ್ಲಿ ಸುಮಾರು 70 ಪಿಎಸ್ ನೀಡುತ್ತದೆ. ಡಿಕ್ಕಿಯ ಹೆಚ್ಚಿನ ಜಾಗವೂ ಸಿಲಿಂಡರ್‌ಗೆ ಹೋಗುತ್ತದೆ. ಐವರು ಕುಳಿತು, ಸಾಮಾನು ಹೇರಿ ಘಟ್ಟ ಹತ್ತುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಂಗಡ ನೀಡುವ ಮುನ್ನ ವೇರಿಯೆಂಟ್‌ವಾರು ಸೌಲಭ್ಯಗಳ ಮುದ್ರಿತ ಪಟ್ಟಿ ಪಡೆದು ಓದುವುದು, ಪರೀಕ್ಷಾ ಚಾಲನೆಯನ್ನು ಸಮತಟ್ಟಾದ ರಸ್ತೆಯ ಬದಲು ಏರುಹಾದಿಯಲ್ಲಿ, ಮನೆಮಂದಿಯನ್ನು ಕೂರಿಸಿಕೊಂಡು ನಡೆಸುವುದು ಒಳಿತು. ಸೀಟ್ ಬೆಲ್ಟ್ ಧರಿಸದಿದ್ದರೆ ಆರು ಏರ್‌ಬ್ಯಾಗ್ ಇದ್ದರೂ ಪೂರ್ಣ ರಕ್ಷಣೆ ದೊರೆಯದು.