ಕಂಠೀರವದಿಂದ ಕೈ ಟಾಕ್‌ವರೆಗೆ: ಒಬ್ಬ ಫುಟ್‌ಬಾಲ್ ತರಬೇತುದಾರನ ವೃತ್ತಿಜೀವನ

2015ರ ಜೂನ್ 11ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಒಮಾನ್ ತಂಡಗಳು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಎದುರಾದವು. ಮೊದಲ ನಿಮಿಷದಲ್ಲೇ ಒಮಾನ್ ಗೋಲು ಹೊಡೆಯಿತು. ಸುನಿಲ್ ಛೇತ್ರಿ ಸಮ ಮಾಡಿದರು. ವಿರಾಮಕ್ಕೆ ಮುನ್ನ ಇಮಾದ್ ಅಲ್ ಹೊಸ್ನಿ ಪೆನಾಲ್ಟಿಯಲ್ಲಿ ಹೊಡೆದ ಗೋಲಿನಿಂದ ಒಮಾನ್ 2-1ರಲ್ಲಿ ಗೆದ್ದಿತು.

ಮಸ್ಕತ್‌ನಲ್ಲಿರುವ ಕನ್ನಡಿಗರಿಗೆ ಇಂಥ ಪಂದ್ಯ ನೋಡುವುದು ಸುಲಭವಲ್ಲ. ಒಂದು ಕಡೆ ಹುಟ್ಟಿದ ನಾಡು, ನಮ್ಮದೇ ಊರಿನ ಮೈದಾನ. ಇನ್ನೊಂದು ಕಡೆ ಅನ್ನ ಕೊಟ್ಟ ನಾಡು. ದಾರ್ಸೈಟ್‌ನ ಇಂಡಿಯನ್ ಸ್ಕೂಲಿನಲ್ಲಿ ಓದುವ ಮಗು "ನಾವು ಯಾರ ಕಡೆ?" ಎಂದು ಕೇಳಿದರೆ, ಉತ್ತರ ಹೇಳುವ ಮೊದಲು ಅಪ್ಪ-ಅಮ್ಮ ಒಂದು ಕ್ಷಣ ತಡೆಯಬೇಕಾಗುತ್ತದೆ.

ಫುಟ್‌ಬಾಲ್‌ನಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸುವವರು ತರಬೇತುದಾರರು. ಗಲ್ಫ್‌ಗೆ ಬಂದ ನಮ್ಮಂತೆ ಅವರೂ ಗುತ್ತಿಗೆಯ ಮೇಲೆ ಬರುತ್ತಾರೆ, ಗುತ್ತಿಗೆ ಮುಗಿದಾಗ ಹೋಗುತ್ತಾರೆ. ಹಾಗೆ ಬೆಂಗಳೂರಿಗೆ ಬಂದು ಹೋದ ಆಶ್ಲಿ ವೆಸ್ಟ್‌ವುಡ್ ಅವರ ವೃತ್ತಿಜೀವನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಸ್ಥಿರವಾದ ಉದ್ಯೋಗ

ತರಬೇತುದಾರನ ಕೆಲಸ ಅಭ್ಯಾಸ ಮಾಡಿಸುವುದಷ್ಟೇ ಅಲ್ಲ. ಯಾವ ಆಟಗಾರ ಬೇಕು, ಯಾರು ಯಾವ ಜಾಗದಲ್ಲಿ ಆಡಬೇಕು, ಎದುರಾಳಿಯ ದೌರ್ಬಲ್ಯ ಯಾವುದು ಎಂಬುದನ್ನೆಲ್ಲ ಅವನೇ ನಿರ್ಧರಿಸಬೇಕು. ಗೆದ್ದರೆ ಹೆಸರು ಆಟಗಾರರಿಗೆ, ಸೋತರೆ ಹೊಣೆ ಅವನಿಗೆ. ಹನ್ನೊಂದು ಜನರನ್ನು ಬದಲಿಸುವುದಕ್ಕಿಂತ ಒಬ್ಬನನ್ನು ಬದಲಿಸುವುದು ಮಾಲೀಕರಿಗೆ ಸುಲಭ.

ಡೆನ್ಮಾರ್ಕ್‌ನ ಮೈಕೆಲ್ ಲೌಡ್ರಪ್ ಇದಕ್ಕೆ ಒಳ್ಳೆಯ ಉದಾಹರಣೆ. ಆಟಗಾರರಾಗಿ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಎರಡೂ ತಂಡಗಳಲ್ಲಿ ಮಿಂಚಿದ ಅವರು, ತರಬೇತುದಾರರಾಗಿ ತಾಯ್ನಾಡಿನ ಬ್ರಾಂಡ್ಬಿ ಕ್ಲಬ್ಬಿಗೆ 2005ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಮುಂದೆ ಸ್ಪೇನ್‌ನ ಗೆಟಾಫೆ, ರಷ್ಯಾದ ಸ್ಪಾರ್ಟಕ್ ಮಾಸ್ಕೋ, ಮತ್ತೆ ಸ್ಪೇನ್‌ನ ಮಯೋರ್ಕಾ. 2013ರ ಫೆಬ್ರವರಿಯಲ್ಲಿ ವೇಲ್ಸ್‌ನ ಸ್ವಾನ್ಸಿ ಸಿಟಿಗೆ ಇಂಗ್ಲಿಷ್ ಲೀಗ್ ಕಪ್ ತಂದುಕೊಟ್ಟರು. ಒಂದು ವರ್ಷ ತುಂಬುವ ಮೊದಲೇ, 2014ರ ಫೆಬ್ರವರಿ 4ರಂದು, ಅದೇ ಕ್ಲಬ್ ಅವರನ್ನು ಕೆಲಸದಿಂದ ತೆಗೆಯಿತು. ಅಲ್ಲಿಂದ ಅವರು ಬಂದದ್ದು ಗಲ್ಫ್‌ಗೆ. ಕತಾರ್‌ನ ಲೇಖ್ವಿಯಾ ತಂಡಕ್ಕೆ ಲೀಗ್ ಗೆಲ್ಲಿಸಿ, ಮುಂದೆ ಅಲ್ ರಯ್ಯಾನ್ ತಂಡ ಸೇರಿದರು.

ಕಂಠೀರವದಲ್ಲಿ ಒಮಾನ್ ಗೆದ್ದ ದಿನ ಅದರ ತರಬೇತುದಾರರಾಗಿದ್ದ ಪಾಲ್ ಲ ಗ್ವೆನ್ ಫ್ರಾನ್ಸ್‌ನ ಲಿಯೋನ್ ಕ್ಲಬ್ಬಿಗೆ ಸತತ ಮೂರು ಲೀಗ್ ಪ್ರಶಸ್ತಿ ಗೆದ್ದುಕೊಟ್ಟವರು. ಆ ವರ್ಷ ಮುಗಿಯುವುದರೊಳಗೆ ಅವರೂ ಮಸ್ಕತ್ ಬಿಡಬೇಕಾಯಿತು.

ಬೆಂಗಳೂರಿಗೆ ಬಂದ ಇಂಗ್ಲೆಂಡಿಗ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆದರೆ ಇಲ್ಲಿ ಬೆಳೆದ ಪ್ರತಿಭೆ ಹೊರಗೆ ಹೋಗುವುದೇ ವಾಡಿಕೆಯಾಗಿತ್ತು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಹೆಸರು ಮಾಡಿದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿ ಸ್ಥಾಪಿಸಿದಾಗ ಈ ಹರಿವು ತಿರುಗಿತು. ಮೊದಲ ತರಬೇತುದಾರರಾಗಿ ಬಂದವರು ವೆಸ್ಟ್‌ವುಡ್, ಆಗ ವಯಸ್ಸು 36. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದು, ಕ್ರೂ ಅಲೆಕ್ಸಾಂಡ್ರಾ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನೆಸ್‌ಡೇ ಮೊದಲಾದ ತಂಡಗಳಿಗೆ ರಕ್ಷಣಾ ಆಟಗಾರನಾಗಿ ಆಡಿದ್ದವರು. ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ತರಬೇತುದಾರರ ಬಳಗದಲ್ಲಿದ್ದರೂ, ಮುಖ್ಯ ತರಬೇತುದಾರನ ಹೊಣೆ ಅವರಿಗೆ ಹೊಸದು.

ಛೇತ್ರಿ ನಾಯಕ, ರಕ್ಷಣೆಗೆ ಇಂಗ್ಲೆಂಡ್‌ನ ಜಾನ್ ಜಾನ್ಸನ್ ಮತ್ತು ಕೆನ್ಯಾದ ಕರ್ಟಿಸ್ ಒಸಾನೊ. ಆಟಗಾರರ ಆಹಾರ, ದೈಹಿಕ ಸಾಮರ್ಥ್ಯ, ಎದುರಾಳಿಯ ಆಟದ ವೀಡಿಯೊ ಅಧ್ಯಯನ, ಫ್ರೀ ಕಿಕ್ ಮತ್ತು ಕಾರ್ನರ್‌ಗಳ ಅಭ್ಯಾಸ, ಯಾವುದನ್ನೂ ಸಣ್ಣದೆಂದು ಬಿಡದಿರುವುದು ಅವರ ಪದ್ಧತಿಯಾಗಿತ್ತು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಲ್ಲಿ ಸೋಲಿಸಿ, ಬೆಂಗಳೂರು ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್ ಕೂಡ ಬಂತು.

ಸೋಲಿನ ಕಹಿಯೂ ಇತ್ತು. 2015ರ ಮೇ 31ರಂದು, ಅಂದರೆ ಒಮಾನ್ ಪಂದ್ಯಕ್ಕೆ ಕೇವಲ 11 ದಿನ ಮೊದಲು, ಅದೇ ಕಂಠೀರವದಲ್ಲಿ ಲೀಗ್‌ನ ಕೊನೆಯ ಪಂದ್ಯ. ಪ್ರಶಸ್ತಿಗೆ ಬೆಂಗಳೂರು ಗೆಲ್ಲಲೇಬೇಕು, ಮೋಹನ್ ಬಾಗಾನ್‌ಗೆ ಸಮಬಲ ಸಾಕು. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಸಮ ಮಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ, 2016ರ ಏಪ್ರಿಲ್‌ನಲ್ಲಿ, ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ರಲ್ಲಿ ಸೋಲಿಸಿ ಲೀಗನ್ನು ಮರಳಿ ಪಡೆದರು. ಮೂರು ವರ್ಷ, ಮೂರು ಪ್ರಶಸ್ತಿ. ಅಲ್ಲಿಗೆ ಬೆಂಗಳೂರಿನ ಋಣ ತೀರಿತು.

ಕೈ ಹಿಡಿಯದ ಊರುಗಳು

ಒಂದು ಕಡೆ ಗೆದ್ದ ವಿಧಾನ ಎಲ್ಲ ಕಡೆಯೂ ಗೆಲ್ಲುತ್ತದೆಯೇ? ವೆಸ್ಟ್‌ವುಡ್ ಮಲೇಷ್ಯಾದ ಪೆನಾಂಗ್ ತಂಡ ಸೇರಿದರು. 2017ರ ಋತು ಮುಗಿಯುವ ಮೊದಲೇ ಅಲ್ಲಿಂದ ಹೊರಬರಬೇಕಾಯಿತು. ಆ ವರ್ಷ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಕೋಲ್ಕತ್ತದ ಎಟಿಕೆ ತಂಡದಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಅವರನ್ನು 2018ರ ಜನವರಿಯಲ್ಲಿ ತೆಗೆದಾಗ ಹಂಗಾಮಿ ಹೊಣೆ ಹೊತ್ತರು, ಅದೂ ಕೆಲವೇ ವಾರ. ಮುಂದೆ ರೌಂಡ್‌ಗ್ಲಾಸ್ ಪಂಜಾಬ್ ತಂಡಕ್ಕೂ ತರಬೇತಿ ಕೊಟ್ಟರು. ಬೆಂಗಳೂರಿನ ಯಶಸ್ಸು ಅಲ್ಲಿ ಮರುಕಳಿಸಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಅವರಿಗೆ ಸಿಕ್ಕಿದ್ದು ಖಾಲಿ ನಿವೇಶನ. ಅಡಿಪಾಯದಿಂದ ತಾವೇ ಕಟ್ಟಿದರು. ಉಳಿದೆಡೆ ಬೇರೆಯವರು ಕಟ್ಟಿದ ಮನೆಯ ರಿಪೇರಿ. ಬಂದವನ ಸಾಮರ್ಥ್ಯದಷ್ಟೇ ಬಂದ ಜಾಗದ ಗುಣವೂ ಮುಖ್ಯ ಎಂಬುದನ್ನು ಗಲ್ಫ್‌ನಲ್ಲಿ ಎರಡು ಮೂರು ಕಂಪನಿ ಬದಲಿಸಿದ ಯಾರಿಗೂ ವಿವರಿಸಬೇಕಿಲ್ಲ.

ಎದುರು ಪಾಳಯದಲ್ಲಿ

2023ರ ನವೆಂಬರ್‌ನಲ್ಲಿ ವೆಸ್ಟ್‌ವುಡ್ ಅಫ್ಘಾನಿಸ್ತಾನ ರಾಷ್ಟ್ರೀಯ ತಂಡದ ತರಬೇತುದಾರರಾದರು. ತವರಿನಲ್ಲಿ ಆಡಲಾಗದ ತಂಡ ಅದು. 'ತವರಿನ' ಪಂದ್ಯವನ್ನು ಸೌದಿ ಅರೇಬಿಯಾದ ಅಭಾದಲ್ಲಿ ಆಡಬೇಕು. ಹಲವು ಪ್ರಮುಖ ಆಟಗಾರರೂ ದೂರ ಉಳಿದಿದ್ದರು. 2024ರ ಮಾರ್ಚ್‌ನಲ್ಲಿ ಎದುರಾಳಿ ಭಾರತ. ಅಭಾದಲ್ಲಿ ಗೋಲಿಲ್ಲದ ಸಮಬಲ. ಐದು ದಿನಗಳ ಬಳಿಕ ಗುವಾಹಟಿಯಲ್ಲಿ ಛೇತ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದರು. ಆದರೆ 70 ಮತ್ತು 88ನೇ ನಿಮಿಷಗಳ ಗೋಲುಗಳಿಂದ ಅಫ್ಘಾನಿಸ್ತಾನ 2-1ರಲ್ಲಿ ಗೆದ್ದಿತು. ಆ ವರ್ಷದ ಆಗಸ್ಟ್‌ನಲ್ಲಿ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡಕ್ಕೆ ಹೋದರು. 2025ರ ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಾಕ್ ಕ್ರೀಡಾಂಗಣದಲ್ಲಿ, ಹೆಚ್ಚುವರಿ ಸಮಯದ ಪೆನಾಲ್ಟಿಯಿಂದ ಅವರ ತಂಡ ಭಾರತವನ್ನು ಮತ್ತೆ ಸೋಲಿಸಿತು. ನಿವೃತ್ತಿಯಿಂದ ಮರಳಿದ್ದ ಛೇತ್ರಿ ಅಂದೂ ಭಾರತ ತಂಡದಲ್ಲಿದ್ದರು.

ನಮ್ಮ ಊರಿನ ಅನ್ನ ತಿಂದು ನಮ್ಮನ್ನೇ ಸೋಲಿಸಿದ ಎನ್ನೋಣವೇ? ಅದು ನ್ಯಾಯವಲ್ಲ. ಬೆಂಗಳೂರಿನಲ್ಲಿದ್ದಾಗ ಬೆಂಗಳೂರಿಗಾಗಿ ಪೂರ್ತಿ ದುಡಿದರು. ಕೂಲಿ ಕೊಟ್ಟವರಿಗೆ ಅರೆಮನಸ್ಸಿನಿಂದ ದುಡಿಯುವುದು ಹಿಂದಿನವರ ಮೇಲಿನ ಪ್ರೀತಿಯಲ್ಲ, ಈಗಿನವರಿಗೆ ಮಾಡುವ ಮೋಸ.

ಉಳಿದದ್ದು ಏನು?

ವೆಸ್ಟ್‌ವುಡ್ ಹೋದ ಕೆಲವೇ ತಿಂಗಳಲ್ಲಿ, 2016ರ ನವೆಂಬರ್ 5ರಂದು, ಬೆಂಗಳೂರು ಎಫ್‌ಸಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಆ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 0-1ರಲ್ಲಿ ಸೋತಿತು. ಆಗ ತರಬೇತುದಾರರು ಸ್ಪೇನ್‌ನ ಆಲ್ಬರ್ಟ್ ರೋಕಾ. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿದ ಶ್ರೇಯ ಅವರದು. ಆದರೆ ಅವರ ಕೈಗೆ ಸಿಕ್ಕಿದ್ದು ಗೆಲ್ಲುವುದನ್ನು ಆಗಲೇ ರೂಢಿಸಿಕೊಂಡಿದ್ದ ತಂಡ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದುಕೊಟ್ಟರು. ಒಬ್ಬರು ಹಾಕಿದ ತಳಪಾಯದ ಮೇಲೆ ಇನ್ನೊಬ್ಬರು ಗೋಡೆ ಎಬ್ಬಿಸಿದರು, ಮತ್ತೊಬ್ಬರು ಚಾವಣಿ ಹೊದಿಸಿದರು. ಇಂದು ಮೂವರೂ ಅಲ್ಲಿಲ್ಲ.

ಗುತ್ತಿಗೆ ಮುಗಿಸಿ ಊರಿಗೆ ಹೊರಟ ದಿನ ನಮ್ಮಲ್ಲಿ ಅನೇಕರನ್ನು ಒಂದು ಪ್ರಶ್ನೆ ಕಾಡುತ್ತದೆ: ಇಷ್ಟು ವರ್ಷ ಇಲ್ಲಿ ಮಾಡಿದ್ದೇನು? ಹೆಸರು ಕೆತ್ತಿದ ಫಲಕ ಎಲ್ಲೂ ಇರುವುದಿಲ್ಲ. ಆದರೆ ನಾವು ಕಲಿಸಿದ ಕೆಲಸ ಇನ್ನೊಬ್ಬರ ಕೈಯಲ್ಲಿ ನಡೆದಿರುತ್ತದೆ. ದೋಹಾದ ಆ ರಾತ್ರಿ ಕಣಕ್ಕಿಳಿದ ತಂಡದಲ್ಲಿ ವೆಸ್ಟ್‌ವುಡ್ ಅವರ ಪಾಲು ಇದ್ದದ್ದು ಹೀಗೆ. "ನಾವು ಯಾರ ಕಡೆ?" ಎಂದು ಕೇಳುವ ಮಗುವಿಗೂ ಇದನ್ನೇ ಹೇಳಬಹುದು: ಹುಟ್ಟಿದ ನಾಡಿನ ಮೇಲೆ ಪ್ರೀತಿ ಇರಲಿ, ದುಡಿಯುವ ನಾಡಿಗೆ ಪೂರ್ತಿ ದುಡಿಮೆ ಸಲ್ಲಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿಲ್ಲ.