ಸಾವಿರ ರನ್ನಿನ ಹಿಂದಿನ ಪುಸ್ತಕ

ಕ್ರಿಕೆಟ್‌ನಲ್ಲಿ ಒಬ್ಬನೇ ಬ್ಯಾಟರ್ ಒಂದು ಇನಿಂಗ್ಸ್‌ನಲ್ಲಿ ಗಳಿಸಿದ, ದಾಖಲೆಗೆ ಸಿಕ್ಕಿರುವ ಅತಿ ದೊಡ್ಡ ಮೊತ್ತ ಮುಂಬಯಿ ಮಹಾನಗರದ ಅಂಚಿನಲ್ಲಿರುವ ಕಲ್ಯಾಣಕ್ಕೆ ಸೇರಿದ್ದು. 2016ರ ಜನವರಿ 4 ಮತ್ತು 5ರಂದು ಅಲ್ಲಿನ ಯೂನಿಯನ್ ಕ್ರಿಕೆಟ್ ಅಕಾಡೆಮಿ ಮೈದಾನದಲ್ಲಿ ಕೆ.ಸಿ. ಗಾಂಧಿ ಶಾಲೆಯ 15 ವರ್ಷದ ಪ್ರಣವ್ ಧನಾವಡೆ ಆರ್ಯ ಗುರುಕುಲ ಶಾಲೆಯ ವಿರುದ್ಧ ಔಟಾಗದೆ 1009 ರನ್ ಹೊಡೆದ. ಮುಂಬಯಿ ಕ್ರಿಕೆಟ್ ಸಂಸ್ಥೆಯ ಮಾನ್ಯತೆ ಇದ್ದ ಎಚ್.ಟಿ. ಭಂಡಾರಿ ಕಪ್ ಅಂತರಶಾಲಾ ಟೂರ್ನಿಯ ಪಂದ್ಯ ಅದು. ಮೊದಲ ದಿನದ ಆಟ ನಿಂತಾಗ ಪ್ರಣವ್ 652ರಲ್ಲಿದ್ದ. ಮರುದಿನ ಅವನು ಸಾವಿರ ದಾಟಿದ ಮೇಲೆ ತಂಡ 3 ವಿಕೆಟ್‌ಗೆ 1465 ರನ್ನಿಗೆ ಡಿಕ್ಲೇರ್ ಮಾಡಿತು. ಎದುರಾಳಿಗಳು ಒಮ್ಮೆ 31ಕ್ಕೆ, ಇನ್ನೊಮ್ಮೆ 52ಕ್ಕೆ ಆಲೌಟಾದರು.

ಇಂಥ ಮೊತ್ತವನ್ನು ಜಗತ್ತು ನಂಬಬೇಕಾದರೆ ಸಾಕ್ಷಿ ಬೇಕು. ಶಾಲಾ ಪಂದ್ಯದಲ್ಲಿ ಆ ಸಾಕ್ಷಿ ಸ್ಕೋರ್ ಪುಸ್ತಕ. ಪ್ರಣವ್ ಎದುರಿಸಿದ್ದು 327 ಎಸೆತ, ಹೊಡೆದದ್ದು 129 ಬೌಂಡರಿ, 59 ಸಿಕ್ಸರ್ ಎಂದು ಪುಸ್ತಕ ಹೇಳುತ್ತದೆ. ಬೌಂಡರಿಗಳಿಂದ 516, ಸಿಕ್ಸರ್‌ಗಳಿಂದ 354, ಕೂಡಿದರೆ 870. ಉಳಿದ 139 ರನ್ ಓಡಿ ಗಳಿಸಿದ್ದು. ಹೀಗೆ ಬಿಡಿಸಿ ನೋಡಲು ಬರುವ ಮೊತ್ತ ಬರೀ ಬಾಯಿಮಾತಿನ ಮೊತ್ತಕ್ಕಿಂತ ಬೇರೆ ಜಾತಿಯದು.

ಸ್ಕೋರ್ ಪುಸ್ತಕದ ಕ್ರಮ ಹೊರಗಿನಿಂದ ನೋಡಿದವರಿಗೆ ಒಗಟಿನಂತೆ ಕಂಡರೂ ಕಲಿಯುವುದು ಕಷ್ಟವಲ್ಲ. ಪ್ರತಿ ಬ್ಯಾಟರ್‌ಗೆ ಒಂದು ಸಾಲು, ಪ್ರತಿ ಬೌಲರ್‌ಗೆ ಓವರಿಗೊಂದರಂತೆ ಚೌಕಗಳು. ರನ್ ಬಾರದ ಎಸೆತಕ್ಕೆ ಚುಕ್ಕಿ, ನೋಬಾಲ್‌ಗೆ ಸುತ್ತು, ವೈಡ್‌ಗೆ ಕೂಡುವ ಗುರುತು. ಓವರಿನ ಆರೂ ಎಸೆತ ಚುಕ್ಕಿಗಳೇ ಆದರೆ ಅವನ್ನು ಗೆರೆಯಿಂದ ಜೋಡಿಸಿ ಇಂಗ್ಲಿಷಿನ ‘ಎಂ’ ಅಕ್ಷರ ಬರೆಯುತ್ತಾರೆ. ಅದು ಮೇಡನ್ ಓವರ್. ಒಂದೊಂದು ಎಸೆತವೂ ಒಂದಕ್ಕಿಂತ ಹೆಚ್ಚು ಕಡೆ ಬರೆಯಲ್ಪಡುವುದರಿಂದ ಅಂಗಡಿಯ ಜಮಾ ಖರ್ಚಿನಂತೆ ಕೊನೆಗೆ ಎರಡೂ ಬದಿ ತಾಳೆಯಾಗಬೇಕು. ಬ್ಯಾಟರ್‌ಗಳ ರನ್‌ಗಳಿಗೆ ಇತರೆ ರನ್ ಕೂಡಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗಳಿಗೆ ಬೈ, ಲೆಗ್ ಬೈ ಕೂಡಿಸಿದರೂ ಅದೇ ಮೊತ್ತ ಬರಬೇಕು. ವೈಡ್ ಮತ್ತು ನೋಬಾಲ್ ಬೌಲರ್‌ನ ಲೆಕ್ಕಕ್ಕೆ ಮೊದಲೇ ಸೇರಿರುತ್ತವೆ.

ಕ್ರಿಕೆಟ್ ನಿಯಮಾವಳಿಯ ಮೂರನೆಯ ನಿಯಮ ಇಡಿಯಾಗಿ ಸ್ಕೋರರ್‌ಗಳಿಗೇ ಮೀಸಲು. ಇಬ್ಬರು ಸ್ಕೋರರ್‌ಗಳಿರಬೇಕು, ಅವರು ಆಗಾಗ ಒಬ್ಬರ ಪುಸ್ತಕವನ್ನು ಇನ್ನೊಬ್ಬರದರೊಂದಿಗೆ ತಾಳೆ ನೋಡಬೇಕು, ವಿರಾಮದ ಹೊತ್ತಿನಲ್ಲಿ ಅಂಪೈರ್‌ಗಳ ಜೊತೆ ಮೊತ್ತವನ್ನು ಖಚಿತಪಡಿಸಿಕೊಳ್ಳಬೇಕು. ಅಂಪೈರ್ ತೋರಿಸಿದ ಪ್ರತಿ ಸಂಜ್ಞೆಗೆ ಸ್ಕೋರರ್ ಕೈಯೆತ್ತಿ ಉತ್ತರ ಕೊಡಬೇಕು. ಆ ಉತ್ತರ ಕಾಣುವವರೆಗೆ ಮುಂದಿನ ಎಸೆತಕ್ಕೆ ಅಂಪೈರ್ ಅವಕಾಶ ಕೊಡಬಾರದು. ಇಡೀ ವ್ಯವಸ್ಥೆ ನಿಂತಿರುವುದು ‘ಇಬ್ಬರು’ ಎಂಬ ಆ ಒಂದು ಅಂಶದ ಮೇಲೆ.

ಇಬ್ಬರಿದ್ದೂ ಲೆಕ್ಕ ಸಡಿಲವಾದದ್ದಕ್ಕೆ ಪ್ರಣವ್ ಮುರಿದ ದಾಖಲೆಯೇ ಉದಾಹರಣೆ. 1899ರ ಜೂನ್‌ನಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನ ಒಳಪಂದ್ಯವೊಂದರಲ್ಲಿ 13 ವರ್ಷದ ಎ.ಇ.ಜೆ. ಕಾಲಿನ್ಸ್ ಅಜೇಯ 628 ರನ್ ಮಾಡಿದ. ನೂರಹದಿನಾರು ವರ್ಷ ಉಳಿದ ಆ ಅಂಕಿಯಲ್ಲಿ ಸುಮಾರು 20 ರನ್ ಆಚೀಚೆ ಇದ್ದೀತೆಂದು ಅದನ್ನು ಬರೆದುಕೊಂಡ ಸ್ಕೋರರ್‌ಗಳಲ್ಲೊಬ್ಬನೇ ಒಪ್ಪಿದ್ದನೆಂಬ ಮಾತು ಕ್ರಿಕೆಟ್ ಚರಿತ್ರೆಯಲ್ಲಿ ಉಳಿದುಬಂದಿದೆ.

ಮುಂಬಯಿಯ ಶಾಲಾ ಕ್ರಿಕೆಟ್‌ನಲ್ಲಿ ಇನ್ನೊಂದು ಬಗೆಯ ಸಡಿಲವಿತ್ತು. ಸಚಿನ್ ತೆಂಡೂಲ್ಕರ್ ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡದೆ ಹೇಳಿದ್ದಾರೆ. ಆಗ ಪತ್ರಿಕೆಗಳಲ್ಲಿ ಹೆಸರು ಅಚ್ಚಾಗಲು ಕನಿಷ್ಠ 30 ರನ್ ಬೇಕಿತ್ತು. ಒಂದು ಪಂದ್ಯದಲ್ಲಿ ಅವರು ಗಳಿಸಿದ್ದು 24. ಸ್ಕೋರರ್ ಇತರೆ ರನ್‌ಗಳಿಂದ ಆರನ್ನು ತೆಗೆದು ಅವರ ಹೆಸರಿಗೆ ಸೇರಿಸಿದ. ಮರುದಿನ ಪತ್ರಿಕೆ ನೋಡಿದ ಗುರು ರಮಾಕಾಂತ್ ಆಚ್ರೇಕರ್ ಮೆಚ್ಚಲಿಲ್ಲ, ಹುಡುಗನಿಗೆ ಬುದ್ಧಿ ಹೇಳಿದರು. ಈ ಪ್ರಸಂಗದಲ್ಲಿ ತಂಡದ ಒಟ್ಟು ಮೊತ್ತ ಒಂದಿಷ್ಟೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೊತ್ತ ಮಾತ್ರ ಪರೀಕ್ಷಿಸುವವರಿಗೆ ಇಂಥ ತಿದ್ದುಪಡಿ ಸಿಕ್ಕುವುದೇ ಇಲ್ಲ. ಬೈ, ಲೆಗ್ ಬೈಗಳಿಗೆ ಅಂಪೈರ್ ಕೊಟ್ಟ ಸಂಜ್ಞೆಯನ್ನು ಎಸೆತದ ಎದುರಿಗೇ ಬರೆದಿಟ್ಟ ಎರಡನೆಯ ಪುಸ್ತಕವೊಂದಿದ್ದರೆ ಮಾತ್ರ ಸಿಕ್ಕೀತು. ಡೊಂಬಿವಲಿ, ಕಲ್ಯಾಣದ ಹುಡುಗರು ಲೋಕಲ್ ರೈಲಿನಲ್ಲಿ ಕಿಟ್ ಹೊತ್ತು ಮುಂಬಯಿಯ ಆಜಾದ್ ಮೈದಾನಕ್ಕೆ ಹೋಗಿ ಆಡುವ ಈ ಪ್ರದೇಶದಲ್ಲಿ ಒಬ್ಬ ಹುಡುಗನ ಹೆಸರು ಆಯ್ಕೆಗಾರರಿಗೆ ತಲಪುವುದು ಹೆಚ್ಚಾಗಿ ಸ್ಕೋರಿನ ಮೂಲಕವೇ. ಡೊಂಬಿವಲಿಯಲ್ಲಿ ಮ್ಯಾಟಿಂಗ್ ಪಿಚ್ ಮೇಲೆ ಆಟ ಕಲಿತ ಅಜಿಂಕ್ಯ ರಹಾನೆ ಭಾರತ ತಂಡವನ್ನು ಮುನ್ನಡೆಸುವ ತನಕ ಬೆಳೆದರು. ಅಲ್ಲಿಂದ ಹೊರಟ ಉಳಿದ ಹುಡುಗರಿಗೂ ಅವರವರ 24 ರನ್ 24 ಎಂದೇ ಬರೆಯಲ್ಪಡುವ ಹಕ್ಕಿದೆ.

ಅಂಕಿ ನಿಜವಾಗಿದ್ದರೂ ಅದರ ತೂಕ ತಾನಾಗಿ ತಿಳಿಯುವುದಿಲ್ಲ. ಕಲ್ಯಾಣದ ಮೈದಾನದಲ್ಲಿ ಬೌಂಡರಿ ಹತ್ತಿರವಿತ್ತು; ಎದುರಾಳಿ ಹುಡುಗರು ಚಿಕ್ಕವರು, ಅನುಭವ ಇಲ್ಲದವರು. ಇದರಿಂದ ಪ್ರಣವ್‌ನ ಸಾಧನೆ ಸುಳ್ಳಾಗುವುದಿಲ್ಲ. ಎರಡು ದಿನ ಕ್ರೀಸಿನಲ್ಲಿ ನಿಂತು 327 ಎಸೆತ ಆಡುವುದಕ್ಕೆ ಬೇಕಾದ ಮನಸ್ಸೂ ಮೈಯೂ ಅಪರೂಪದವೇ. ಆದರೆ ಆ ವಿವರಗಳನ್ನು ಬಿಟ್ಟು 1009 ಎಂಬ ಅಂಕಿ ಮಾತ್ರ ಊರೂರು ಸುತ್ತಿತು. ಆಟೊ ಓಡಿಸುವ ತಂದೆಯ ಮಗನ ಮೇಲೆ ಇಡೀ ದೇಶದ ನಿರೀಕ್ಷೆ ಬಿತ್ತು. ಮುಂಬಯಿ ಕ್ರಿಕೆಟ್ ಸಂಸ್ಥೆ ಅವನಿಗೆ ತಿಂಗಳಿಗೆ 10,000 ರೂಪಾಯಿ ವಿದ್ಯಾರ್ಥಿವೇತನ ಘೋಷಿಸಿತ್ತು. ರನ್ ಬಾರದ ಕಾಲದಲ್ಲಿ, 2017ರಲ್ಲಿ, ಕುಟುಂಬವೇ ಅದನ್ನು ಬೇಡವೆಂದು ಬಿಟ್ಟುಕೊಟ್ಟಿತು. ಮೈದಾನದ ಅಳತೆ, ಎದುರಾಳಿಗಳ ವಯಸ್ಸು ಮೊದಲ ದಿನದಿಂದಲೇ ಅಂಕಿಯ ಪಕ್ಕದಲ್ಲಿ ಅಚ್ಚಾಗಿದ್ದರೆ ಆ ಹುಡುಗನ ಹೆಗಲಿನ ಭಾರ ಸ್ವಲ್ಪ ಇಳಿಯುತ್ತಿತ್ತು.

ಹೋಲಿಕೆಗೆ ಕರ್ನಾಟಕದ ಒಂದು ಇನಿಂಗ್ಸ್ ಇಡಬಹುದು. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ನಡೆದ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಅಜೇಯ 404 ರನ್ ಮಾಡಿದರು. ಎದುರಾಳಿ ಮುಂಬಯಿಯೇ. ತೆಗೆದುಕೊಂಡ ಎಸೆತ 638, ಹೊಡೆದ ಸಿಕ್ಸರ್ ಬರೀ ಮೂರು. 404 ಸಣ್ಣದು, 1009 ದೊಡ್ಡದು ಎಂದು ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದುಬಿಟ್ಟರೆ ಎರಡಕ್ಕೂ ಅನ್ಯಾಯ. 19 ವರ್ಷದೊಳಗಿನವರ ರಾಷ್ಟ್ರೀಯ ಫೈನಲ್ ಒಂದು ಪಟ್ಟಿಗೆ, ಶಾಲಾ ಟೂರ್ನಿ ಇನ್ನೊಂದು ಪಟ್ಟಿಗೆ ಸೇರಬೇಕು.

ಪಂದ್ಯದ ದರ್ಜೆ ದೊಡ್ಡ ಆಟಗಾರರನ್ನೂ ಬಿಡುವುದಿಲ್ಲ. 2020ರ ಮಾರ್ಚ್‌ನಲ್ಲಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಟಿ20 ಕಪ್‌ನಲ್ಲಿ ರಿಲಯನ್ಸ್ ತಂಡದ ಪರ ಹಾರ್ದಿಕ್ ಪಾಂಡ್ಯ 55 ಎಸೆತಗಳಲ್ಲಿ ಅಜೇಯ 158 ಹೊಡೆದರು, ಅದರಲ್ಲಿ 20 ಸಿಕ್ಸರ್. ಟೂರ್ನಿ ನಡೆದದ್ದು ನೆರುಳದ ದೊಡ್ಡ ಕ್ರೀಡಾಂಗಣದ ಸಂಕೀರ್ಣದಲ್ಲಿ, ಬೌಲರ್‌ಗಳೂ ಪಳಗಿದವರು. ಆದರೂ ಟೂರ್ನಿಗೆ ಅಧಿಕೃತ ಟಿ20 ದರ್ಜೆ ಇಲ್ಲದ್ದರಿಂದ ಅವರ ಟಿ20 ಅಂಕಿ ಅಂಶಗಳಲ್ಲಿ ಆ 158 ಇಲ್ಲ. ನಿಯಮ ಕಠಿಣವೆನಿಸಬಹುದು, ಆದರೆ ಅದು ಎಲ್ಲರಿಗೂ ಮೊದಲೇ ಗೊತ್ತಿರುವ ನಿಯಮ. ಅಷ್ಟೇ ಅದರ ಬಲ.

ಅಂಥ ನಿಯಮವೇ ಇಲ್ಲದ ದೊಡ್ಡ ಲೋಕ ಟೆನಿಸ್ ಬಾಲ್ ಕ್ರಿಕೆಟ್. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಬಯಲುಗಳಲ್ಲಿ ಮಳೆ ನಿಂತ ಮೇಲೆ ವಾರಾಂತ್ಯ ಬಂತೆಂದರೆ ಟೂರ್ನಿಗಳು; ಕೆಲವು ರಾತ್ರಿ ದೀಪದ ಬೆಳಕಿನಲ್ಲಿ. ಊರಿನ ತಂಡ, ಸೊಸೈಟಿಯ ತಂಡ, ಆಫೀಸಿನ ತಂಡ, ಕರಾವಳಿಯಿಂದ ಬಂದು ನೆಲೆಸಿದ ಕನ್ನಡ ತುಳು ಸಂಘಗಳ ತಂಡ, ಎಲ್ಲರೂ ಆಡುತ್ತಾರೆ. ಎಲ್ಲೋ 4 ಓವರ್, ಎಲ್ಲೋ 6, ಎಲ್ಲೋ 8. ಒಂದು ಕಡೆ ಅಂಡರ್ ಆರ್ಮ್, ಇನ್ನೊಂದು ಕಡೆ ಬಲೆ ಕಟ್ಟಿದ ಬಾಕ್ಸ್ ಕ್ರಿಕೆಟ್. ಗೋಡೆಗೆ ತಾಗಿದರೆ ಇಷ್ಟು ರನ್, ಚಾವಣಿಗೆ ತಾಗಿದರೆ ಔಟ್ ಎಂಬಂಥ ಸ್ಥಳೀಯ ನಿಯಮಗಳು. ‘20 ಎಸೆತಕ್ಕೆ 70’ ಎಂದು ಯಾರಾದರೂ ಹೇಳಿದರೆ ಯಾವ ಚೆಂಡು, ಯಾವ ಮೈದಾನ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ಈ ಆಟ ದೊಡ್ಡ ವೇದಿಕೆ ಏರಿದ್ದೂ ಇಲ್ಲಿಯೇ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್‌ನ ಮೊದಲ ಟೂರ್ನಿ ಠಾಣೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣದಲ್ಲಿ ನಡೆಯಿತು. ಟೆನಿಸ್ ಚೆಂಡು, 10 ಓವರ್, ಆರು ತಂಡ. ಬೆಂಗಳೂರು ಸ್ಟ್ರೈಕರ್ಸ್ ಅವುಗಳಲ್ಲೊಂದು. ಅಲ್ಲಿ ಬಹುದೂರ ಹೋಗಿ ಪ್ರೇಕ್ಷಕರ ನಡುವೆ ಬಿದ್ದ ಹೊಡೆತಕ್ಕೆ ಆರರ ಬದಲು 9 ರನ್. ಸವಾಲಿನ ಒಂದು ಓವರಿನಲ್ಲಿ ಗೊತ್ತುಪಡಿಸಿದಷ್ಟು ರನ್ ಬಂದರೆ ಅದರ ಅರ್ಧದಷ್ಟು ಹೆಚ್ಚುವರಿ, ಬಾರದಿದ್ದರೆ ಅರ್ಧ ಕಡಿತ. ಜನಕ್ಕೆ ರಂಜನೆ ಕೊಡುವ ನಿಯಮಗಳಿವು. ಆದರೆ ಇಂಥ ಸ್ಕೋರನ್ನು ಬೇರೆ ಟೆನಿಸ್ ಬಾಲ್ ಪಂದ್ಯದ ಸ್ಕೋರಿನ ಪಕ್ಕದಲ್ಲಿಡಲು ಬ್ಯಾಟಿನಿಂದ ಬಂದದ್ದೆಷ್ಟು, ನಿಯಮದಿಂದ ಬಂದದ್ದೆಷ್ಟು ಎಂಬುದು ಬೇರೆ ಬೇರೆ ಕಾಲಮ್ಮಿನಲ್ಲಿ ಇರಲೇಬೇಕು.

ಕಳೆದ ಹತ್ತು ವರ್ಷಗಳಲ್ಲಿ ಸ್ಕೋರ್ ಬರೆಯುವ ಕೆಲಸ ಮೊಬೈಲ್‌ಗೆ ಬಂದಿದೆ. ಅಹಮದಾಬಾದಿನಲ್ಲಿ ಹುಟ್ಟಿದ ಕ್ರಿಕ್‌ಹೀರೋಸ್‌ನಂಥ ಆ್ಯಪ್‌ಗಳಲ್ಲಿ ಮೈದಾನದ ಅಂಚಿನಲ್ಲಿ ಕುಳಿತವನೊಬ್ಬ ಎಸೆತಕ್ಕೊಂದು ಸಲ ಬೆರಳಾಡಿಸಿದರೆ ಸಾಕು. ಮನೆಯಲ್ಲಿರುವ ತಾಯಿಗೂ ಊರಿನಲ್ಲಿರುವ ಅಜ್ಜನಿಗೂ ಅದೇ ಕ್ಷಣ ಸ್ಕೋರ್ ಕಾಣುತ್ತದೆ, ಕೂಡಿಸುವ ತಪ್ಪು ಆಗುವುದಿಲ್ಲ. ಹೆಸರಿಲ್ಲದ ಸಾವಿರಾರು ಆಟಗಾರರಿಗೆ ತಮ್ಮದೇ ಅಂಕಿ ಅಂಶ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಕೂಡಿಸುವ ತಪ್ಪು ಹೋದರೂ ನೋಡುವ ತಪ್ಪು, ಬರೆಯುವ ತಪ್ಪು ಹೋಗಲಿಲ್ಲ. ಇಬ್ಬರ ಜಾಗದಲ್ಲಿ ಈಗ ಒಬ್ಬನೇ ಕುಳಿತಿರುತ್ತಾನೆ, ಬಹಳ ಸಲ ಬ್ಯಾಟಿಂಗ್ ಸರದಿಗೆ ಕಾಯುತ್ತಿರುವ ಆಟಗಾರನೇ. ಅವನು ಪ್ಯಾಡ್ ಕಟ್ಟಲು ಎದ್ದಾಗ ಫೋನ್ ಇನ್ನೊಬ್ಬನ ಕೈಗೆ ಹೋಗುತ್ತದೆ, ನಡುವಿನ ಎಸೆತಗಳು ಅಂದಾಜಿನ ಮೇಲೆ ಭರ್ತಿಯಾಗುತ್ತವೆ.

ಆ್ಯಪ್ ಮತ್ತು ಕ್ಯಾಮೆರಾ ತಾವಾಗಿಯೇ ಸಾಕ್ಷಿಯಾಗುವುದಿಲ್ಲ ಎಂಬುದನ್ನು 2022ರಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಮೋಲಿಪುರದ ಪ್ರಕರಣ ತೋರಿಸಿತು. ಹೊಲವೊಂದರಲ್ಲಿ ಪಿಚ್ ಮಾಡಿ, ಕೂಲಿಯಾಳುಗಳಿಗೆ ಬಣ್ಣದ ಜೆರ್ಸಿ ತೊಡಿಸಿ, ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿ ರಷ್ಯಾದ ಬಾಜಿಗಾರರಿಂದ ಹಣ ಕಟ್ಟಿಸಿಕೊಳ್ಳುತ್ತಿದ್ದವರನ್ನು ಪೊಲೀಸರು ಹಿಡಿದರು. ಸ್ಕೋರ್ ಇತ್ತು, ವಿಡಿಯೊ ಇತ್ತು, ವೀಕ್ಷಕ ವಿವರಣೆಯೂ ಇತ್ತು. ಆಟ ಮಾತ್ರ ಇರಲಿಲ್ಲ.

ದಾಖಲೆ ಕಾಯುವ ಕಷ್ಟವನ್ನು ವಿಡಿಯೊ ಗೇಮ್ ಆಡುವವರೂ ಉಂಡಿದ್ದಾರೆ. ಅಮೆರಿಕದ ಆಯೊವಾ ರಾಜ್ಯದ ಒಟ್ಟಮ್ವಾ ಊರಿನಲ್ಲಿ ವಾಲ್ಟರ್ ಡೇ 1981ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಎಂಬ ಆಟದ ಅಂಗಡಿ ತೆರೆದು, ಮುಂದೆ ದೇಶದ ನಾನಾ ಕಡೆಯ ಅತ್ಯಧಿಕ ಸ್ಕೋರ್‌ಗಳನ್ನು ಕಲೆಹಾಕತೊಡಗಿದರು. ತೀರ್ಪುಗಾರರ ಮಾತು, ವಿಡಿಯೊ ಟೇಪು ಅಲ್ಲಿನ ಸಾಕ್ಷಿ. ‘ಡಾಂಕಿ ಕಾಂಗ್’ ಆಟದಲ್ಲಿ ಬಿಲ್ಲಿ ಮಿಚೆಲ್ ಹೆಸರಿನಲ್ಲಿದ್ದ 10,62,800ರ ಸ್ಕೋರಿನ ಟೇಪನ್ನು ಇತರ ಆಟಗಾರರು ಚಿತ್ರ ಚಿತ್ರವಾಗಿ ಬಿಡಿಸಿ ನೋಡಿ, ಅದು ಮೂಲ ಯಂತ್ರದಲ್ಲಿ ಆಡಿದ್ದಲ್ಲವೆಂದು ವಾದಿಸಿದರು. 2018ರಲ್ಲಿ ಅವರ ಸ್ಕೋರ್‌ಗಳು ಪಟ್ಟಿಯಿಂದ ಹೋದವು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2024ರಲ್ಲಿ ರಾಜಿಯಾಗಿ, ಅವು ಹಳೆಯ ದಾಖಲೆಗಳ ಭಾಗಕ್ಕೆ ಮರಳಿದವು. ಸರಿ ಯಾರದೇ ಇರಲಿ, ವರ್ಷಗಳ ಬಳಿಕವೂ ವಿಚಾರಣೆ ನಡೆಸಲು ಸಾಧ್ಯವಾದದ್ದು ಯಾರೋ ಟೇಪನ್ನು ಇಟ್ಟುಕೊಂಡಿದ್ದರಿಂದ.

ಠಾಣೆಯಿಂದ ಕಲ್ಯಾಣದವರೆಗಿನ ಆಟಗಾರರಿಗೆ ಬೇಕಾದ ಸುಧಾರಣೆ ದುಬಾರಿಯದಲ್ಲ. ಎಲ್ಲಕ್ಕಿಂತ ಮೊದಲು ಸ್ಕೋರರ್ ಎಂಬ ಕೆಲಸಕ್ಕೆ ಸಂಬಳವೂ ಮರ್ಯಾದೆಯೂ ಸಿಗಬೇಕು. ಬಿಸಿಸಿಐ ಮತ್ತು ಅದರ ಸದಸ್ಯ ಸಂಸ್ಥೆಗಳು ಸ್ಕೋರರ್‌ಗಳಿಗಾಗಿ ಪರೀಕ್ಷೆ ನಡೆಸುತ್ತವೆ, ಪಾಸಾದವರು ನಗರದಲ್ಲಿದ್ದಾರೆ. ಬಹುಮಾನಕ್ಕೆ ಬೈಕ್ ಇಡುವ ಟೂರ್ನಿ ಇಬ್ಬರು ಸ್ಕೋರರ್‌ಗಳ ದಿನಗೂಲಿಯನ್ನು ಧಾರಾಳವಾಗಿ ಕೊಡಬಲ್ಲದು. ಒಬ್ಬರು ಆ್ಯಪ್‌ನಲ್ಲಿ, ಇನ್ನೊಬ್ಬರು ಕಾಗದದಲ್ಲಿ ಬರೆದು ಓವರ್ ಮುಗಿದಾಗಲೆಲ್ಲ ತಾಳೆ ನೋಡಿದರೆ ಮೂರನೆಯ ನಿಯಮ ಪಾಲಿಸಿದಂತಾಗುತ್ತದೆ.

ಹಂಚಿಕೊಳ್ಳುವ ಸ್ಕೋರಿನ ಜೊತೆಗೆ ಚೆಂಡು ಯಾವುದು, ಓವರ್ ಎಷ್ಟು, ಬೌಂಡರಿ ಎಷ್ಟು ದೂರ, ವಯೋಮಿತಿ ಏನು, ಅಂಪೈರ್ ಯಾರು ಎಂಬುದು ಹೋಗಲೇಬೇಕು. ವಾಟ್ಸ್ಯಾಪ್‌ನಲ್ಲಿ ಓಡಾಡುವ ಚಿತ್ರದಲ್ಲಿ ಇವಕ್ಕೆ ಎರಡು ಸಾಲು ಸಾಕು. ಲೆದರ್ ಚೆಂಡು, ಟೆನಿಸ್ ಚೆಂಡು, ಬಾಕ್ಸ್ ಆಟಗಳಿಗೆ ಬೇರೆ ಬೇರೆ ಪಟ್ಟಿ ಇರಲಿ. ಆಟಗಾರನಿಗೆ ಒಂದೇ ಗುರುತಿನ ಸಂಖ್ಯೆ ಇರಲಿ. ಮರಾಠಿಯಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಮೂರು ಬಗೆ ಬರೆಯುವ ಒಂದೇ ಹೆಸರು ನಾಲ್ಕು ಜನರಾಗಿ ಒಡೆಯುವುದು ಆಗ ನಿಲ್ಲುತ್ತದೆ. ಟೂರ್ನಿಯ ದಾಖಲೆ ಮುರಿಯುವಂಥ ಸ್ಕೋರ್ ಬಂದರೆ ಎರಡೂ ತಂಡದ ನಾಯಕರು, ಅಂಪೈರ್ ಸ್ಕೋರ್ ಶೀಟಿಗೆ ಸಹಿ ಹಾಕಿದ ಮೇಲೆಯೇ ಅದು ಪಟ್ಟಿಗೆ ಏರಬೇಕು. ಆಕ್ಷೇಪ ಸಲ್ಲಿಸಲು ವಾರದ ಗಡುವು ಕೊಡಬಹುದು. ತಿದ್ದುಪಡಿಯಾದರೆ ಹಳೆಯ ಅಂಕಿಯನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು, ಕಾರಣವನ್ನು, ದಿನಾಂಕವನ್ನು ಬರೆಯಬೇಕು.

ಕ್ರಿಕ್‌ಶೀಟ್ ಎಂಬ ಯೋಜನೆ ಅಂತರರಾಷ್ಟ್ರೀಯ ಪಂದ್ಯಗಳ ಮತ್ತು ದೊಡ್ಡ ಲೀಗ್‌ಗಳ ಎಸೆತವಾರು ಮಾಹಿತಿಯನ್ನು ಒಂದೇ ನಮೂನೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ಇಟ್ಟಿದೆ. ಸ್ಥಳೀಯ ಟೂರ್ನಿಗಳ ಮಾಹಿತಿಯೂ ಹಾಗೆಯೇ ಒಂದೇ ನಮೂನೆಯಲ್ಲಿ ಹೊರಬಂದರೆ ಕಂಪನಿ ಮುಚ್ಚಿದರೂ ಆ್ಯಪ್ ಬದಲಾದರೂ ಆಟಗಾರರ ಅಂಕಿಗಳು ಉಳಿಯುತ್ತವೆ. ಕಾಗದದ ಪುಸ್ತಕಗಳನ್ನು ಕಪಾಟಿನಲ್ಲಿ ಬಿಟ್ಟರೆ ಕೊಂಕಣದ ನಾಲ್ಕು ಮಳೆಗಾಲಕ್ಕೆ ಬೂಷ್ಟು ಹಿಡಿದು ಅಕ್ಷರ ಕರಗುತ್ತದೆ. ಟೂರ್ನಿ ಮುಗಿದ ದಿನವೇ ಪುಟ ಪುಟದ ಫೋಟೊ ತೆಗೆದು ಒಂದು ಪ್ರತಿಯನ್ನು ಸಂಘಟಕರೂ ಇನ್ನೊಂದನ್ನು ಶಾಲೆ ಅಥವಾ ಊರಿನ ಗ್ರಂಥಾಲಯವೂ ಇಟ್ಟುಕೊಳ್ಳಬೇಕು.