‘ಇಲ್‌ಮ್ಯಾಟಿಕ್’: ಹಾಡು ಚರಿತ್ರೆಗೆ ಆಧಾರವಾಗುವ ಬಗೆ

ಚರಿತ್ರೆಯ ಆಧಾರಗಳನ್ನು ಕುರಿತು ಪಾಠ ಹೇಳುವಾಗ ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ ಇವುಗಳನ್ನು ಮೊದಲು ಹೆಸರಿಸಿ, ಹಾಡನ್ನು ಕೊನೆಯ ಸಾಲಿನಲ್ಲಿ ಕೂರಿಸುವುದು ವಾಡಿಕೆ. ಹಾಡು ಪ್ರಾಚೀನವಾದರೆ ಅಷ್ಟಾದರೂ ಮನ್ನಣೆಯುಂಟು. ಈಚಿನ ಹಾಡು, ಅದರಲ್ಲಿಯೂ ಬೀದಿಯ ಹುಡುಗರ ಹಾಡು, ಆ ಪಟ್ಟಿಗೆ ಸೇರುವುದೇ ಅಪರೂಪ. ಅಂಥ ಒಂದು ಕೃತಿಯನ್ನು ತೆಗೆದುಕೊಂಡು, ಅದು ಚರಿತ್ರಕಾರನಿಗೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಕೃತಿಯ ಹೆಸರು ‘ಇಲ್‌ಮ್ಯಾಟಿಕ್’. ಹಾಡಿದವರು ನಾಸ್ ಎಂದು ಪ್ರಸಿದ್ಧರಾದ ನಾಸಿರ್ ಜೋನ್ಸ್. 1994ರ ಏಪ್ರಿಲ್ 19ರಂದು ಈ ಧ್ವನಿಮುದ್ರಿಕೆ ಹೊರಬಿದ್ದಾಗ ಅವರಿಗೆ 20 ವರ್ಷ.

ಮೊದಲು ಕಾಲವನ್ನು ಗಮನಿಸೋಣ. 1973ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಮಾದಕವಸ್ತುಗಳ ವ್ಯಾಪಾರಕ್ಕೆ ಕಠೋರ ಶಿಕ್ಷೆ ವಿಧಿಸುವ ಕಾಯಿದೆಗಳಿಗೆ ಸಹಿ ಹಾಕಿದರು. ಅದೇ ವರ್ಷದ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿಗೃಹದಲ್ಲಿ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ಎಂಬ ತರುಣರು ಗ್ರಾಮಫೋನ್ ತಟ್ಟೆಗಳ ತಾಳದ ತುಣುಕುಗಳನ್ನು ಮರಳಿ ಮರಳಿ ನುಡಿಸಿ ನೆರೆದವರನ್ನು ಕುಣಿಸಿದರು. ಹಿಪ್ ಹಾಪ್ ಸಂಗೀತದ ಆರಂಭವನ್ನು ಸಾಮಾನ್ಯವಾಗಿ ಆ ದಿನಕ್ಕೆ ಗುರುತಿಸುತ್ತಾರೆ. ಸೆಪ್ಟೆಂಬರ್ 14ರಂದು ನಾಸ್ ಹುಟ್ಟಿದರು. ಈ ಮೂರಕ್ಕೂ ಪರಸ್ಪರ ಕಾರ್ಯಕಾರಣಸಂಬಂಧವಿಲ್ಲ. ಆದರೆ ಎರಡು ದಶಕಗಳ ಮೇಲೆ ಈ ಮೂರು ಎಳೆಗಳೂ ಒಂದೇ ಕೃತಿಯಲ್ಲಿ ಹೆಣೆದುಕೊಂಡವು.

ಎರಡನೆಯದು ಸ್ಥಳ. ನಾಸ್ ಬೆಳೆದುದು ಕ್ವೀನ್ಸ್ ಭಾಗದ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುದಾಯದಲ್ಲಿ. 1939ರಲ್ಲಿ, ಬಡ ಕುಟುಂಬಗಳಿಗೆ ಗಾಳಿ ಬೆಳಕುಗಳಿರುವ ಮನೆ ಒದಗಬೇಕೆಂಬ ಸದಾಶಯದಿಂದ ತೆರೆದ ಈ ಸಮುದಾಯದಲ್ಲಿ 3000ಕ್ಕೂ ಮಿಕ್ಕಿ ಮನೆಗಳಿವೆ. ಅಮೆರಿಕದಲ್ಲಿ ಈ ಬಗೆಯ ವಸತಿಗಳಲ್ಲಿ ಇದೇ ಅತಿ ದೊಡ್ಡದು. 1980ರ ದಶಕದಲ್ಲಿ ಕ್ರ್ಯಾಕ್ ಎಂಬ ಅಗ್ಗದ ಕೊಕೇನು ಇಂಥ ಕೇರಿಗಳಿಗೆ ನುಗ್ಗಿತು. 1986ರ ಕೇಂದ್ರ ಶಾಸನದಂತೆ 5 ಗ್ರಾಂ ಕ್ರ್ಯಾಕಿಗೆ ಕನಿಷ್ಠ 5 ವರ್ಷಗಳ ಸೆರೆವಾಸ. ಅದೇ ಶಿಕ್ಷೆಗೆ ಪುಡಿಯ ಕೊಕೇನು 500 ಗ್ರಾಂ ಇರಬೇಕಾಗಿತ್ತು. ಈ ನೂರು ಪಾಲಿನ ತಾರತಮ್ಯದ ಭಾರವನ್ನು ಹೆಚ್ಚಾಗಿ ಹೊತ್ತವರು ಕಪ್ಪು ಜನಾಂಗದವರು. 2010ರಲ್ಲಿ ಅದನ್ನು ತಗ್ಗಿಸಲಾಯಿತಾದರೂ ಪೂರ್ತಿಯಾಗಿ ತೊಡೆದುಹಾಕಲಿಲ್ಲ. 1990ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ನಗರದಲ್ಲಿ 2245 ಕೊಲೆಗಳು ನಡೆದವು. ಎಂಟನೆಯ ತರಗತಿಗೆ ಶಾಲೆ ಬಿಟ್ಟಿದ್ದ ನಾಸ್ 1992ರಲ್ಲಿ ತಮ್ಮ ಬಾಲ್ಯದ ಗೆಳೆಯನನ್ನು ಗುಂಡೇಟಿಗೆ ಕಳೆದುಕೊಂಡರು.

ಇನ್ನು ಕೃತಿಯ ಸ್ವರೂಪ. ಸುಮಾರು 40 ನಿಮಿಷಗಳ ಈ ಮುದ್ರಿಕೆಯಲ್ಲಿ ಇರುವುದು ಹತ್ತೇ ಭಾಗಗಳು. ರ‍್ಯಾಪ್ ಎಂಬುದು ರಾಗಕ್ಕಿಂತ ಲಯವನ್ನು ನೆಚ್ಚಿದ ಪದ್ಯವಾಚನ. ಕನ್ನಡದ ಹಳೆಯ ಛಂದಸ್ಸಿನಲ್ಲಿ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ನೆಲೆಸಿದರೆ, ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಕೊನೆಯಲ್ಲಿ ನಿಲ್ಲುತ್ತದೆ. ನಾಸ್ ಅದನ್ನು ಸಾಲಿನ ನಡುನಡುವೆಯೂ ಹರಡಿ, ಒಂದು ಪ್ರಾಸವನ್ನು ಹಲವು ಅಕ್ಷರಗಳಷ್ಟು ಉದ್ದಕ್ಕೆ ಹಿಗ್ಗಿಸಿದರು. ಹಿನ್ನೆಲೆಯ ಸಂಗೀತ ಪೀಟ್ ರಾಕ್, ಡಿ.ಜೆ. ಪ್ರೀಮಿಯರ್ ಮೊದಲಾದವರು ಹಳೆಯ ಮುದ್ರಿಕೆಗಳ ತುಣುಕುಗಳಿಂದ ಕಟ್ಟಿದ್ದು; ಒಂದು ಹಾಡಿಗೆ ಅಹ್ಮದ್ ಜಮಾಲರ 1970ರ ಪಿಯಾನೊ ವಾದನವೇ ಬುನಾದಿ. ಮತ್ತೊಂದು ಹಾಡಿನ ಕೊನೆಗೆ ಕಾರ್ನೆಟ್ ಊದಿದವರು ನಾಸ್ ಅವರ ತಂದೆ, ಜ್ಯಾಜ್ ವಾದಕರಾದ ಓಲು ದಾರಾ. ಅವರು ದಕ್ಷಿಣದ ಮಿಸಿಸಿಪ್ಪಿಯವರು. ಹೊಸ ತಲೆಮಾರಿನ ಕಲೆ ಹಿಂದಿನದನ್ನು ಕಡಿದುಕೊಂಡು ಬಂದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಚರಿತ್ರಕಾರನಿಗೆ ಅತ್ಯಂತ ಉಪಯುಕ್ತವಾದ ಭಾಗ ‘ಒನ್ ಲವ್’ ಎಂಬ ಹಾಡು. ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳ ರೂಪ ಅದಕ್ಕಿದೆ. ತಂದೆ ಒಳಗಿರುವಾಗ ಹುಟ್ಟಿದ ಮಗುವಿನ ಸುದ್ದಿ, ದೂರವಾದ ಹೆಂಗಸಿನ ಸುದ್ದಿ, ಕೇರಿಯಲ್ಲಿ ಯಾರು ಯಾರೊಡನೆ ಸೇರಿದರೆಂಬ ಸುದ್ದಿ ಎಲ್ಲವೂ ಅಲ್ಲಿವೆ. ಕೊನೆಯಲ್ಲಿ ಆಗಲೇ ಅದೇ ದಾರಿ ಹಿಡಿದಿರುವ ಹನ್ನೆರಡು ವರ್ಷದ ಹುಡುಗನೊಬ್ಬ ಎದುರಾಗುತ್ತಾನೆ. ಸರ್ಕಾರದ ಅಂಕಿ ಅಂಶಗಳು ಕೈದಿಗಳನ್ನು ಎಣಿಸುತ್ತವೆ. ಹೊರಗೆ ಉಳಿದ ಮನೆಗಳಲ್ಲಿ ಏನಾಯಿತೆಂಬುದನ್ನು ಅವು ಹೇಳುವುದಿಲ್ಲ. ಆ ಕೊರತೆಯನ್ನು ಈ ಹಾಡು ತುಂಬುತ್ತದೆ.

ಆದರೆ ಇಲ್ಲಿಯೇ ಎಚ್ಚರಿಕೆ ಬೇಕು. ಈ ಕೃತಿಯ ‘ನಾನು’ ಕೆಲವೆಡೆ ಪಿಸ್ತೂಲು ಹಿಡಿಯುತ್ತಾನೆ, ಗುಂಡು ಹಾರಿಸುತ್ತಾನೆ. ಈ ‘ನಾನು’ ನಾಸ್ ಅವರೇ ಎಂದು ತಿಳಿಯಬಹುದೆ? ಕಾವ್ಯದ ನಿರೂಪಕನನ್ನು ಕವಿಯೆಂದೇ ಭಾವಿಸುವುದು ಸಾಹಿತ್ಯದ ವಿದ್ಯಾರ್ಥಿ ಮಾಡಬಾರದ ತಪ್ಪು. ಅದೇ ತಪ್ಪು ನ್ಯಾಯಾಲಯದಲ್ಲಿ ನಡೆದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯವೇ ಹೋದೀತು. ಅಮೆರಿಕದಲ್ಲಿ ಆಪಾದಿತರ ರ‍್ಯಾಪ್ ಪದ್ಯಗಳನ್ನು ಅವರ ವಿರುದ್ಧವೇ ಸಾಕ್ಷ್ಯವಾಗಿ ಒಡ್ಡಿದ ಮೊಕದ್ದಮೆಗಳು ಅನೇಕ. ಕ್ಯಾಲಿಫೋರ್ನಿಯ ಸಂಸ್ಥಾನ 2022ರಲ್ಲಿ ಇಂಥ ಸಾಕ್ಷ್ಯಕ್ಕೆ ಮಿತಿ ಹಾಕುವ ಶಾಸನವನ್ನು ಮಾಡಬೇಕಾಯಿತು. ಚರಿತ್ರಕಾರನೂ ಈ ವಿವೇಕವನ್ನು ಪಾಲಿಸತಕ್ಕದ್ದು. ಹಾಡು ಒಂದು ಕೃತ್ಯ ನಡೆಯಿತೆಂಬುದಕ್ಕೆ ರುಜುವಾತಲ್ಲ; ಅಂಥ ಕೃತ್ಯಗಳು ಒಂದು ಕೇರಿಯ ಮಾತಿನಲ್ಲಿ, ಭಯದಲ್ಲಿ, ಜಂಬದಲ್ಲಿ ಹೇಗೆ ಬೆರೆತಿದ್ದವೆಂಬುದಕ್ಕೆ ರುಜುವಾತು. ಕೊಲೆಗಳ ಸಂಖ್ಯೆಗೆ ಪೊಲೀಸರ ಕಡತವನ್ನು ನೋಡಬೇಕು. ಆ ಸಂಖ್ಯೆಯ ನಡುವೆ ಬದುಕಿದವರ ಮನಸ್ಸಿಗೆ ಹಾಡನ್ನು ಕೇಳಬೇಕು. ಎರಡನ್ನೂ ಒಟ್ಟಿಗಿಟ್ಟು ಓದಿದಾಗಲೇ ಚಿತ್ರ ಪೂರ್ಣವಾಗುತ್ತದೆ.

ವಿಮರ್ಶಕರು ಮೊದಲೇ ಮೆಚ್ಚಿದರೂ ಈ ಮುದ್ರಿಕೆಯ ಮಾರಾಟ ನಿಧಾನವಾಗಿಯೇ ಬೆಳೆಯಿತು. 10 ಲಕ್ಷ ಪ್ರತಿಗಳ ಮನ್ನಣೆ ದೊರೆತದ್ದು 2001ರಲ್ಲಿ. 2010ರಲ್ಲಿ ವಿದ್ವಾಂಸರು ಇದರ ಒಂದೊಂದು ಹಾಡಿನ ಮೇಲೂ ಪ್ರಬಂಧ ಬರೆದು ಗ್ರಂಥವೊಂದನ್ನು ತಂದರು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಾಸ್ ಅವರ ಹೆಸರಿನ ಸಂಶೋಧನ ವೇತನ ಸ್ಥಾಪಿತವಾಯಿತು. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಿಸತಕ್ಕ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಶಾಲೆ ಬಿಟ್ಟ ಹುಡುಗನ ಮಾತು ಹೀಗೆ ದೇಶದ ದಫ್ತರವನ್ನು ಸೇರಿತು. ದಫ್ತರಕ್ಕೆ ಸೇರಿದುದನ್ನೆಲ್ಲ ಹೇಗೆ ಪರೀಕ್ಷಿಸುವೆವೋ ಹಾಗೆಯೇ, ಅಷ್ಟೇ ಗೌರವದಿಂದ, ಅಷ್ಟೇ ಸಂಶಯದಿಂದ, ಇದನ್ನೂ ಪರೀಕ್ಷಿಸುವುದು ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.